ಎಣಿಸಿ ಬಿಟ್ಟ ಉಸಿರು

ಮಾದೇಶನ ಗಂಟಲು ದೊಡ್ಡದು ಅನ್ನುವುದು ಬೇಗೂರಿಗೆಲ್ಲ ಗೊತ್ತಿದ್ದ ಮಾತು. ಅವನು ಮನೆಯ ಜಗುಲಿಯ ಮೇಲೆ ನಿಂತು ಕೂಗಿದರೆ ಹೆದ್ದಾರಿಯಲ್ಲಿ ಹೊರಟ ಬಸ್ಸೂ ನಿಲ್ಲುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಆ ಗಂಟಲು ಪೂರ್ತಿ ತೆರೆದುಕೊಳ್ಳುತ್ತಿದ್ದದ್ದು ಮಗಳು ಕುಮಾರಿ ಮೈದಾನಕ್ಕೆ ಇಳಿದಾಗ. ಕುಮಾರಿ ಒಂಬತ್ತನೇ ಕ್ಲಾಸು. ಉದ್ದ ಜಿಗಿತದಲ್ಲಿ ಹೋಬಳಿಗೇ ಮೊದಲು. ಐದನೇ ಕ್ಲಾಸಿನಲ್ಲಿ ಅವಳು ಚಮಚ ಕಚ್ಚಿಕೊಂಡು ನಿಂಬೆಹಣ್ಣಿನ ಓಟ ಓಡಿದಂದಿನಿಂದ ಮಾದೇಶ ಒಂದೇ ಒಂದು ಸ್ಪರ್ಧೆ ತಪ್ಪಿಸಿರಲಿಲ್ಲ. ರಜೆ ಹಾಕಿಯೋ, ಸಾಹೇಬರ ಕಾಲು ಹಿಡಿದೋ ಬಂದು ನಿಲ್ಲುತ್ತಿದ್ದ.

ಚಾಮರಾಜನಗರ ಬೇರೆ ಜಿಲ್ಲೆಯಾದ ವರ್ಷ ಅದು. ಗುಂಡ್ಲುಪೇಟೆಯ ಕಚೇರಿಯೊಂದರಲ್ಲಿ ಅಟೆಂಡರ್ ಆಗಿದ್ದ ಮಾದೇಶನನ್ನು ಆಗಸ್ಟ್ ಮುಗಿಯುವುದರೊಳಗೆ ಹೊಸ ಜಿಲ್ಲಾ ಕೇಂದ್ರಕ್ಕೆ ಎತ್ತಿ ಹಾಕಿದ್ದರು. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು, ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಹೋದರೆ ಮನೆ ಸೇರುವಾಗ ದೀಪ ಹಚ್ಚಿ ಬಹಳ ಹೊತ್ತಾಗಿರುತ್ತಿತ್ತು. ಆದರೂ ಸೆಪ್ಟೆಂಬರ್ ಕೊನೆಯಲ್ಲಿ ಗುಂಡ್ಲುಪೇಟೆಯಲ್ಲಿ ತಾಲ್ಲೂಕು ಮಟ್ಟದ ಆಟೋಟ ನಡೆದ ದಿನ ಒಂಬತ್ತು ಗಂಟೆಗೇ ಮರಳ ಗುಂಡಿಯ ಪಕ್ಕ ಹಾಜರಾಗಿದ್ದ.

"ಕಾಲ್ ನೋಡ್ಕಮ್ಮಿ! ಕಾಲು! ಬೋರ್ಡ್ ನೋಡು! ಎತ್ತು, ಎತ್ತು!"

ಮೊದಲನೇ ಜಿಗಿತಕ್ಕೆ ಕುಮಾರಿಯ ಹೆಬ್ಬೆರಳು ಹಲಗೆಯ ಆಚೆ ಬಿತ್ತು. ಕೆಂಪು ಬಾವುಟ. ಎರಡನೆಯದಕ್ಕೂ ಕೆಂಪು ಬಾವುಟ. ಮೂರನೆಯದೂ ಹೋದರೆ ಲೆಕ್ಕಕ್ಕೇ ಇಲ್ಲ. ಅವಳು ಹೆದರಿ ಓಟ ಸಣ್ಣ ಮಾಡಿಕೊಂಡು, ಹಲಗೆಗೆ ಒಂದು ಮೊಳ ಹಿಂದಿನಿಂದಲೇ ಹಾರಿದಳು. ಮೂರು ಮೀಟರ್ ಎಂಬತ್ತಾರು. ಒಬ್ಬಳನ್ನು ಬಿಟ್ಟು ಉಳಿದ ಹುಡುಗಿಯರೆಲ್ಲ ಅದಕ್ಕಿಂತ ಕಡಿಮೆ ಹಾರಿದ್ದರಿಂದ ಎರಡನೇ ಸ್ಥಾನ ಸಿಕ್ಕಿ, ಜಿಲ್ಲಾ ಮಟ್ಟಕ್ಕೆ ಹೋಗುವ ದಾರಿ ಉಳಿಯಿತು.

ಬಸ್ಸಿನಲ್ಲಿ ಮಾದೇಶ ಗುಂಡ್ಲುಪೇಟೆಯಿಂದ ಬೇಗೂರಿನವರೆಗೆ ಬಾಯಿ ಮುಚ್ಚಲಿಲ್ಲ. "ನಾಕು ಮೀಟ್ರು ಹಾರೋಳು ನೀನು. ಎಲ್ಲೋಗಿತ್ತು ಗ್ಯಾನ? ನಾ ಅಷ್ಟ್ ಕೂಗ್ತಾ ಇದ್ರೂ ಕಿವಿಗ ಬೀಳ್ನಿಲ್ವಾ?" ಕುಮಾರಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಎರಡು ಸೀಟು ಹಿಂದೆ ಅವಳ ಶಾಲೆಯ ಆಟದ ಮೇಷ್ಟ್ರು ಗುರುಪಾದಸ್ವಾಮಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಅದಾದ ಮೂರನೇ ದಿನ ಬೆಳಿಗ್ಗೆ ಐದೂವರೆಗೆ, ಮಾದೇಶನ ತಾಯಿ ಸುಂದ್ರಮ್ಮ ನಡುಮನೆಗೆ ಬಂದವಳು ಕಿಟಾರನೆ ಕಿರುಚಿಕೊಂಡಳು. ಮೊಮ್ಮಗಳು ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ಕಣ್ಣು ಮುಚ್ಚಿತ್ತು. ಹೊಟ್ಟೆಯ ಮೇಲೆ ಒಂದು ಹಳೆಯ ಸ್ಲೇಟು.

"ಅಯ್ಯೋ ನಮ್ಮಪ್ಪ, ಕೂಸ್ಗ ಏನಾಯ್ತು ನೋಡ್ರೋ!"

ಎಲ್ಲರೂ ಎದ್ದು ಬಂದರು. ಕುಮಾರಿ ಒಂದು ಕಣ್ಣು ತೆರೆದು, "ಏನೂ ಆಗಿಲ್ಲ ಸುಮ್ನಿರಜ್ಜಿ. ಎಣಿಕ ತಪ್ಪೋಯ್ತು," ಅಂದಳು.

ಗುರುಪಾದಸ್ವಾಮಿ ಮೇಷ್ಟ್ರು ಹೋದ ಬೇಸಿಗೆಯಲ್ಲಿ ಮೈಸೂರಿನಲ್ಲಿ ಹನ್ನೆರಡು ದಿನದ ತರಬೇತಿ ಮುಗಿಸಿ ಬಂದಿದ್ದರು. ಆಟಗಾರರಿಗೆ ಕೈಕಾಲಿನ ಕಸರತ್ತಿನ ಜೊತೆ ಉಸಿರಿನ ಅಭ್ಯಾಸವೂ ಬೇಕು ಎಂದು ಅಲ್ಲಿ ಹೇಳಿಕೊಟ್ಟಿದ್ದರಂತೆ. ನಾಲ್ಕು ಎಣಿಸುತ್ತ ಮೂಗಿನಿಂದ ಉಸಿರು ತೆಗೆದುಕೊಳ್ಳಬೇಕು. ಹೊಟ್ಟೆ ಉಬ್ಬಿ ಸ್ಲೇಟು ಮೇಲೇಳಬೇಕು. ಆಮೇಲೆ ಆರು ಎಣಿಸುತ್ತ, ಬಿಸಿ ಸಾರು ಆರಿಸುವಂತೆ ಬಾಯಿಂದ ನಿಧಾನವಾಗಿ ಬಿಡಬೇಕು. ದಿನಾ ಹತ್ತು ನಿಮಿಷ. ಸ್ಪರ್ಧೆಯ ದಿನ ಓಡುವ ಮುಂಚೆ ಮೂರು ಸಲ.

"ಗುಂಡ್ಲುಪೇಟೆಲಿ ನಿಂಗ ಏನಾಯ್ತು ಅಂತ ಮೇಷ್ಟ್ರು ಕೇಳುದ್ರು," ಕುಮಾರಿ ಹೇಳಿದಳು. "ಎದೆ ಡವಡವ ಹೊಡ್ಕತಿತ್ತು, ಬೋರ್ಡೇ ಕಾಣ್ನಿಲ್ಲ ಸಾ ಅಂದಿ. ಉಸ್ರು ನಿಧಾನ ಆದ್ರ ಎದೆ ನಿಧಾನ ಆಗುತ್ತ, ಎದೆ ನಿಧಾನ ಆದ್ರ ಕಣ್ಣು ಕಾಣುತ್ತ ಅಂದ್ರು."

ಸುಂದ್ರಮ್ಮ ಗದ್ದಕ್ಕೆ ಕೈ ಹಚ್ಚಿದಳು. "ಉಸ್ರಾಡದ್ನೂ ಇಸ್ಕೂಲ್ನಲ್ಲಿ ಯೋಳ್ಕೊಟ್ಟಾರಾ? ನಾ ಎಪ್ಪತ್ತೊರ್ಸ ಯಾರ್ನ ಕೇಳಿ ಉಸ್ರಾಡ್ದಿ?"

ಈ ಒಂದು ವಿಷಯಕ್ಕೆ ಮಾದೇಶನೂ ತಾಯಿಯ ಕಡೆಗೇ ವಾಲಿದ. "ಜಂಪ್ ಮಾಡಾಕ ಕಾಲು ಬೇಕು ಕಣಮ್ಮಿ, ಮೂಗಲ್ಲ. ಆ ಹೊತ್ನಲ್ಲಿ ಎರಡು ರೌಂಡು ಓಡು."

ಅಜ್ಜ ಮೂಗಯ್ಯ ಮಾತ್ರ ಮೊಮ್ಮಗಳ ಪಕ್ಕ ಕೂತು ತಾನೂ ಒಂದು ಕೈ ನೋಡಿದ. ನಾಲ್ಕು ಎಣಿಸುತ್ತ ಎಳೆದುಕೊಂಡ. ಬಿಡುವಾಗ ಎರಡಕ್ಕೇ ಕೆಮ್ಮು ಒತ್ತರಿಸಿ ಬಂತು. "ಬೀಡಿ ಎದೆ," ಅಂದ, ಕಣ್ಣು ಒರೆಸಿಕೊಳ್ಳುತ್ತ. "ನಂದು ಲೆಕ್ಕಕ್ಕಿಲ್ಲ. ನೀ ಮಾಡವ್ವ."

ತೊಂದರೆ ಆದದ್ದು ನೀರಿನ ವಿಷಯಕ್ಕೆ. ಅವರ ಬೀದಿಯ ನಲ್ಲಿಗೆ ಐದೂವರೆಯಿಂದ ಆರೂವರೆಯವರೆಗೆ ನೀರು. ಅದನ್ನು ಹಿಡಿದು ತರುವುದು ಕುಮಾರಿಯ ಕೆಲಸ. ತಾಯಿ ನೀಲಾವತಿ ಆ ಹೊತ್ತಿಗೆ ಒಲೆಯ ಮುಂದೆ ಇರಬೇಕು. ಗಂಡನ ಬುತ್ತಿ, ಮಗಳ ಬುತ್ತಿ, ಅತ್ತೆ-ಮಾವನಿಗೆ ಹಿಟ್ಟು ತೊಳಸಿ ಮುದ್ದೆ ಕಟ್ಟಿಟ್ಟು ಎಂಟಕ್ಕೆ ಮರಿಮಲ್ಲಪ್ಪನವರ ಚೆಂಡುಹೂವಿನ ಹೊಲಕ್ಕೆ ಕೂಲಿಗೆ ಹೋಗಬೇಕು. ಕುಮಾರಿ ಸ್ಲೇಟು ಇಟ್ಟುಕೊಂಡು ಮಲಗಿದರೆ, ಸಾಲಿನಲ್ಲಿ ಸರದಿ ತಪ್ಪಬಾರದೆಂದು ಕೊಡ ಹೊರುವವಳು ಸುಂದ್ರಮ್ಮನೇ. ಒಂದು ವಾರಕ್ಕೆ ಅವಳ ಮಂಡಿ ಊದಿಕೊಂಡಿತು.

"ನಾ ಸತ್ರೂ ಪರ್ವಾಗಿಲ್ಲ, ಅವ್ಳು ಮನೀಕಂಡು ಉಸ್ರು ಎಣಿಸ್ಲಿ," ಎಂದು ಊಟದ ಹೊತ್ತಿಗೆ ಶುರು ಮಾಡಿದಳು. "ನನ್ ಮಗ ಅವ್ಳಿಗ ದಿನಾ ಮೊಟ್ಟ ತಂದ್ಕೊಡ್ತಾನ. ನನ್ ಮಂಡೀಗ ಒಂದ್ ಎಣ್ಣ ತಂದ್ಕೊಡ್ನಿಲ್ಲ."

"ನಾಳ ತರ್ತೀನಿ ಬುಡವ್ವ," ಅಂದ ಮಾದೇಶ.

"ಎಣ್ಣ ಬ್ಯಾಡ ನಂಗ. ನೀರ್ ತರೋರು ಬೇಕು."

ನೀಲಾವತಿ ಉಪ್ಪೆಸರು ಬಡಿಸುತ್ತ ಮೆಲ್ಲಗೆ ಕೇಳಿದಳು: "ಕುಮಾರಿ, ಮನೀಕಂಡೇ ಮಾಡ್ಬೇಕಾ ಅದ?"

ಕುಮಾರಿ ಮರುದಿನ ಮೇಷ್ಟ್ರನ್ನು ಕೇಳಿಕೊಂಡು ಬಂದಳು. ಮೊದಲ ವಾರ ಹೊಟ್ಟೆಯ ಏರಿಳಿತ ಅರಿಯುವುದಕ್ಕೆ ಸ್ಲೇಟು. ಆಮೇಲೆ ನಿಂತು, ನಡೆದು, ಎಲ್ಲಿ ಬೇಕಾದರೂ ಮಾಡಬಹುದಂತೆ. ಅಂದಿನಿಂದ ಅವಳು ನಲ್ಲಿಯ ಸಾಲಿನಲ್ಲೇ ನಿಂತು ಎಣಿಸತೊಡಗಿದಳು. ಒಂದು ಕೊಡ ತುಂಬುವುದರಲ್ಲಿ ಹನ್ನೊಂದು ಉಸಿರು ಎಂದು ಅಜ್ಜನಿಗೆ ವರದಿ ಒಪ್ಪಿಸುತ್ತಿದ್ದಳು. ನೀರಿಗೆ ಜಗಳವಾಡುವ ಹೆಂಗಸರು, "ಮಾದೇಶನ್ ಮಗ್ಳು ಏನಮ್ಮಿ ನಿಂತ್ಕಂಡೇ ಜಪ ಮಾಡ್ತಾಳ?" ಎಂದು ನಕ್ಕರು. ಆದರೆ ಸುಂದ್ರಮ್ಮನ ಬಾಯಿ ಮುಚ್ಚಿತು.

ಅಕ್ಟೋಬರ್‌ನ ಒಂದು ಭಾನುವಾರ ಶಾಲೆಯ ಮೈದಾನದಲ್ಲಿ ಅಭ್ಯಾಸ ಇತ್ತು. ಮಾದೇಶ ತಲೆಗೆ ನೀರು ಹಾಕಿಕೊಂಡು, ಬಿಳಿ ಅಂಗಿ ಹಾಕಿಕೊಂಡು ಹೋದ. ಕುಮಾರಿ ಓಟ ಶುರು ಮಾಡುವ ಗುರುತಿನ ಹತ್ತಿರ ನಿಂತು, ಕಣ್ಣು ಮುಚ್ಚಿ, ತುಟಿ ಕೂಡಿಸಿ ಉಸಿರು ಬಿಡುತ್ತಿದ್ದಳು. ಮಾದೇಶನಿಗೆ ತಡೆಯಲಾಗಲಿಲ್ಲ.

"ನಿದ್ದ ಮಾಡ್ತಿದ್ದೀಯಾ? ಓಡಮ್ಮಿ! ಓಡು!"

ಅವಳು ಬೆಚ್ಚಿ ಓಡಿದಳು. ಫೌಲ್. ಮತ್ತೆ ಬಂದು ನಿಂತಳು. "ಕಾಲ್ ನೋಡ್ಕ! ಬಲಗಾಲು!" ಮತ್ತೆ ಫೌಲ್. ಮೂರನೇ ಸಲ ಅರ್ಧಕ್ಕೇ ನಿಂತುಬಿಟ್ಟಳು.

ಗುರುಪಾದಸ್ವಾಮಿ ಸೀಟಿ ಜೇಬಿಗೆ ಹಾಕಿಕೊಂಡು ಮಾದೇಶನ ಹತ್ತಿರ ಬಂದರು. "ಬನ್ನಿ ಮಾದೇಶ್, ಒಂದು ಟೀ ಕುಡ್ಕೊಂಡು ಬರೋಣ." ಅಳತೆ ಪಟ್ಟಿಯನ್ನೂ ನೋಟ್‌ಬುಕ್ಕನ್ನೂ ಹತ್ತನೇ ಕ್ಲಾಸಿನ ಹುಡುಗಿಯ ಕೈಗೆ ಕೊಟ್ಟು, ಹೆದ್ದಾರಿಯ ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋದರು. ಅಲ್ಲಿ ಹೊಸ ಜಿಲ್ಲೆಯ ಬಗ್ಗೆ, ವರ್ಗಾವಣೆಯ ಬಗ್ಗೆ, ಕೇರಳದ ಕಡೆಗೆ ಹೋಗುವ ತರಕಾರಿ ಲಾರಿಗಳ ಬಗ್ಗೆ ಮಾತಾಡಿದರು. ಮಗಳ ಸುದ್ದಿ ಎತ್ತಲಿಲ್ಲ. ಅರ್ಧ ಗಂಟೆ ಬಿಟ್ಟು ವಾಪಸು ಬಂದು ನೋಟ್‌ಬುಕ್ಕನ್ನು ಮಾದೇಶನ ಮುಂದೆ ಹಿಡಿದರು. ಆರು ಜಿಗಿತ ಬರೆದಿತ್ತು. ಆರರಲ್ಲಿ ಒಂದೂ ಫೌಲ್ ಇಲ್ಲ. ಎರಡು ನಾಲ್ಕು ಮೀಟರ್ ದಾಟಿದ್ದವು.

ಮಾದೇಶ ಪುಟವನ್ನು ಎರಡು ಸಲ ಓದಿದ. ನೋಡನೋಡುತ್ತ ಅವನ ಮುಖ ಕಪ್ಪಿಟ್ಟಿತು.

"ಏನ್ ಸಾ ಇದು? ನಾ ಇದ್ರ ಆಗಲ್ಲ ಅಂತ್ಲಾ?"

"ಬೇಜಾರು ಮಾಡ್ಕೋಬೇಡಿ. ಜಿಲ್ಲಾ ಮಟ್ಟಕ್ಕೆ ಇನ್ನು ಐದು ವಾರ ಇದೆ. ಈ ಒಂದು ಸಲ ನೀವು ಬರದೇ ಇದ್ರೆ..."

"ನನ್ ಮಗ್ಳು ಸಾ ಅವ್ಳು!"

"ಅದಕ್ಕೇ ನಿಮಗೆ ಹೇಳ್ತಿರೋದು."

ಮಾದೇಶ ಮಗಳಿಗೂ ಕಾಯದೆ ಮನೆಗೆ ನಡೆದ. ಆ ದಿನ ಮನೆಯಲ್ಲಿ ಅವರೆಕಾಳಿನ ಸಾರು ಕುದಿಯುತ್ತಿತ್ತು. ಕುಮಾರಿ ಬಂದು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತ ಮೇಲೆ ಅವನು ಕೇಳಿದ:

"ನಾ ಬಂದ್ರ ನಿಂಗ ಏನಮ್ಮಿ ತೊಂದ್ರ?"

ಅವಳು ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು.

"ಬಾಯಿ ಬುಡು. ಮೇಷ್ಟ್ರ ಮುಂದ ಯೋಳಾಕ ಆಗುತ್ತ, ನನ್ ಮುಂದ ಆಗಲ್ವಾ?"

"ನಾ ಏನೂ ಯೋಳಿಲ್ಲಪ್ಪ." ಕುಮಾರಿ ಹಿಟ್ಟು ಮುರಿದವಳು ಅದನ್ನು ತಟ್ಟೆಯಲ್ಲೇ ಇಟ್ಟಳು. "ಉಸ್ರು ಬುಟ್ಟು ಕಣ್ಣು ಮುಚ್ದಾಗ ಏನೇನ್ ಕೇಳುತ್ತ ಅಂತ ಮೇಷ್ಟ್ರು ಎಲ್ರನ್ನೂ ಕೇಳುದ್ರು. ಒಬ್ಳು ಕಾಗೆ ಅಂದ್ಳು, ಒಬ್ಳು ಲಾರಿ ಅಂದ್ಳು. ನಂಗ ನಿನ್ ದನಿ ಕೇಳುತ್ತ ಕಣಪ್ಪ. ನೀ ಅಲ್ಲಿಲ್ದೇ ಇದ್ರೂವೆ ಕೇಳುತ್ತ."

ಮಾದೇಶ ತಟ್ಟೆ ಸರಿಸಿ ಎದ್ದ. ಜಗುಲಿಗೆ ಹೋಗಿ ಅಪ್ಪನ ಮೇಲೆ ತಿರುಗಿಬಿದ್ದ.

"ಕೇಳಿಸ್ಕಂಡಾ ನಿನ್ ಮೊಮ್ಮಗ್ಳು ಅಂದಿದ್ದ? ನಾ ಎಪ್ಪತ್ನಾಕ್ರಲ್ಲಿ ಮೈಸೂರ್ಗ ಓಡಾಕ ಹೋಗಿದ್ದಿ. ಎಲ್ರ ಅಪ್ಪಂದ್ರೂ ಬಂದಿದ್ರು, ಬಾಳೆಹಣ್ಣು ತಂದಿದ್ರು. ನೀ ಬರ್ನಿಲ್ಲ. ನನ್ ಮಕ್ಳಿಗ ಆ ಗತಿ ಬರ್ಬಾರ್ದು ಅಂತ ನಾ ಸಾಯ್ತಿವ್ನಿ."

ಮೂಗಯ್ಯ ಗೋಡೆಗೆ ಒರಗಿ ಕೂತಿದ್ದ. ಇಪ್ಪತ್ತಮೂರು ವರ್ಷದ ಮಾತು ಇವತ್ತು ಬಾಯಿಗೆ ಬಂದದ್ದು ಅವನಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ಬರ್ನಿಲ್ಲ, ನಿಜ. ರಾಗಿ ಕುಯ್ಲು. ಒಂದ್ ದಿಸ ಬುಟ್ಟಿದ್ರ ಹೊಲದ ಗೌಡ ಬ್ಯಾರೆ ಆಳು ಕಟ್ಕತಿದ್ದ." ಆಮೇಲೆ ಮಗನ ಕಡೆ ತಿರುಗಿ ಕೇಳಿದ: "ನಾ ಬಂದಿದ್ರ ಗೆದ್ದುಬುಡ್ತಿದ್ದಾ?"

"ಗೆಲ್ತಿರ್ನಿಲ್ವೇನೋ. ಅಲ್ಲಿ ನಮ್ಮೋರು ಅಂತ ಒಬ್ರಿರ್ತಿದ್ರು."

"ಅದು ನಿಂಗ ಬೇಕಾಗಿತ್ತು. ಅವ್ಳಿಗೂ ಅದೇ ಬೇಕು ಅಂತ ಯಾರ್ಲಾ ಯೋಳ್ದೋರು?"

ಮಾದೇಶ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ಹೋದ.

ಆಮೇಲೆ ಹದಿನೈದು ದಿನ ಅವನು ಮಗಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಬಸ್ಸು ಇಳಿದು ಬರುವಾಗ ಕಾಗದದ ಪೊಟ್ಟಣದಲ್ಲಿ ತರುತ್ತಿದ್ದ ಮೊಟ್ಟೆಯೂ ನಿಂತಿತು. ಕುಮಾರಿ ಕೇಳಲಿಲ್ಲ. ಅವಳು ನೀರು ತರುತ್ತಿದ್ದಳು, ಶಾಲೆಗೆ ಹೋಗುತ್ತಿದ್ದಳು, ಸಂಜೆ ಚಡ್ಡಿಯ ಜೇಬಿನ ತುಂಬ ಮರಳು ತುಂಬಿಕೊಂಡು ಬರುತ್ತಿದ್ದಳು. ಬೆಳಿಗ್ಗೆ ಮಾದೇಶ ಹಿತ್ತಲಲ್ಲಿ ಗಡ್ಡ ಕೆರೆದುಕೊಳ್ಳುವಾಗ, ಒಳಗೆ ಅವಳು ಅಜ್ಜನಿಗೆ ಪಿಸುದನಿಯಲ್ಲಿ ಎಣಿಸಿಕೊಡುವುದು ಕೇಳಿಸುತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ಮೂಗಯ್ಯ ಈಗ ಬಿಡುವಾಗ ಐದರವರೆಗೆ ಬರುತ್ತಿದ್ದ.

ಒಂದು ಸಂಜೆ ನೀಲಾವತಿ ಗಂಡನ ಮುಂದೆ ಟೀ ಲೋಟ ಕುಕ್ಕಿದಳು. ಕುಕ್ಕುವ ಹೆಂಗಸಲ್ಲ ಅವಳು.

"ಮೊಟ್ಟ ಯಾಕ ತತ್ತಿಲ್ಲ?"

"ನನ್ ದನಿ ಬ್ಯಾಡಾಂದ್ರ ನನ್ ಮೊಟ್ಟ ಯಾಕಂತ?"

"ಮೊಟ್ಟ ತಿನ್ದೆ ಶಕ್ತಿ ಇಲ್ದೆ ಸೋಲ್ತಾಳ ಅವ್ಳು. ಸೋತು ಬಂದ್ರ ನಿಂಗ ಸಮಾಧಾನ ಆಗುತ್ತಾ? ಆಗುತ್ತ ಅಂದ್ರ ಯೋಳ್ಬುಡು. ನಾ ಕೇಳಲ್ಲ."

ಮಾದೇಶ ಟೀ ಕುಡಿದ. ಮರುದಿನ ಮೊಟ್ಟೆ ಬಂತು. ಸುಂದ್ರಮ್ಮನ ಮಂಡಿಗೆ ಒಂದು ಸಣ್ಣ ಬಾಟಲಿ ಎಣ್ಣೆಯೂ ಬಂತು. ಎರಡನ್ನೂ ಮಾತಿಲ್ಲದೆ ಅಡುಗೆಮನೆಯ ಗೂಡಿನಲ್ಲಿಟ್ಟ.

ನವೆಂಬರ್ ಎರಡನೇ ವಾರ ಗುರುಪಾದಸ್ವಾಮಿ ಮನೆಗೇ ಬಂದರು. ಆ ಬೀದಿಗೆ ಹೈಸ್ಕೂಲಿನ ಮೇಷ್ಟ್ರು ಬರುವುದು ಅಪರೂಪ. ಸುಂದ್ರಮ್ಮ ಗಡಿಬಿಡಿಯಿಂದ ಚಾಪೆ ಹಾಸಿದಳು. ನೀಲಾವತಿ ಸ್ಟೀಲ್ ಲೋಟ ಎರಡೆರಡು ಸಲ ತೊಳೆದು ಟೀ ಕೊಟ್ಟಳು. ಅವರು ಕುಡಿಯುತ್ತಾರೋ, ಪಕ್ಕಕ್ಕಿಟ್ಟು ಮಾತು ಮುಗಿಸಿ ಎದ್ದು ಹೋಗುತ್ತಾರೋ ಎಂದು ಸುಂದ್ರಮ್ಮ ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದಳು. ಮೇಷ್ಟ್ರು ಕುಡಿದು, ಲೋಟ ಕೆಳಗಿಟ್ಟು, "ಹದಿನೆಂಟನೇ ತಾರೀಕು ಚಾಮರಾಜನಗರದಲ್ಲಿ. ಬೆಳಿಗ್ಗೆ ಆರೂವರೆ ಬಸ್ಸಿಗೆ ಮಕ್ಕಳನ್ನ ನಾನು ಕರ್ಕೊಂಡು ಹೋಗ್ತೀನಿ," ಅಂದರು.

ಬೇರೇನೂ ಕೇಳಲಿಲ್ಲ. ಕುಮಾರಿ ಕಂಬಕ್ಕೆ ಆತು ನಿಂತಿದ್ದಳು. ಮಾದೇಶ ಅವಳನ್ನು ನೋಡದೆ ಹೇಳಿದ:

"ಕರ್ಕಂಡೋಗಿ ಸಾ. ನಂಗ ಅವತ್ತು ಆಪೀಸ್ನಲ್ಲಿ ಕೆಲ್ಸ ಅದ. ನಾ ಬರಲ್ಲ."

ಮೇಷ್ಟ್ರು ಹೋದ ಮೇಲೆ ಸುಂದ್ರಮ್ಮ ಲೋಟ ಎತ್ತಿ ಬಗ್ಗಿಸಿ ನೋಡಿ, "ಪೂರಾ ಕುಡ್ದವ್ರ ಕಣೇ," ಎಂದು ಸೊಸೆಗೆ ತೋರಿಸಿದಳು.

ಹದಿನೆಂಟರಂದು ಕುಮಾರಿ ಮುಂಚೆ ಹೊರಟುಹೋದಳು. ಮಾದೇಶ ತನ್ನ ಮಾಮೂಲಿ ಏಳರ ಬಸ್ಸು ಹಿಡಿದ. ಹೊಸ ಕಚೇರಿ ಒಂದು ಬಾಡಿಗೆ ಕಟ್ಟಡದಲ್ಲಿತ್ತು. ಬೀರುಗಳು ಇನ್ನೂ ವರಾಂಡದಲ್ಲೇ ನಿಂತಿದ್ದವು. ಆಟದ ಮೈದಾನ ಅಲ್ಲಿಂದ ಎರಡೇ ಬೀದಿ ಆಚೆ. ಅದು ಅವನಿಗೆ ಗೊತ್ತಿತ್ತು. ಆದರೆ ಮೈಕಿನ ಸದ್ದು ಕಿಟಕಿಯಿಂದ ನೇರ ಮೇಜಿಗೇ ಬಂದು ಬೀಳುತ್ತದೆ ಎಂದು ಎಣಿಸಿರಲಿಲ್ಲ.

ಹತ್ತಕ್ಕೆ ಪಥಸಂಚಲನ. ಹತ್ತೂ ಮುಕ್ಕಾಲಿಗೆ ಭಾಷಣ. ಹೊಸ ಜಿಲ್ಲೆಯ ಮೊದಲ ಕ್ರೀಡಾಕೂಟ, ಹೊಸ ಜಿಲ್ಲೆಯ ಮಕ್ಕಳು ಎಂದು ಯಾರೋ ಬಹಳ ಹೊತ್ತು ಮಾತಾಡಿದರು. ಗುಮಾಸ್ತ ಗುರುಸಿದ್ದಯ್ಯ ಕನ್ನಡಕದ ಮೇಲಿನಿಂದ ನೋಡಿದರು.

"ಮಾದೇಶ, ನಿನ್ನ ಮಗಳು ಇವತ್ತು ಇಲ್ಲೇ ಅಲ್ವೇನಯ್ಯ? ಹೋಗಿ ಬಾ, ಒಂದು ಗಂಟೆ. ಸಾಹೇಬರಿಗೆ ನಾ ಹೇಳ್ತೀನಿ."

"ಬ್ಯಾಡಿ ಸಾ."

"ನಿನ್ನಂಥವನು ಬೇಡ ಅಂತೀಯಾ? ಹುಷಾರಿದ್ದೀಯಾ?"

"ಕೆಲ್ಸ ಅದ ಸಾ," ಎಂದು ಮಾದೇಶ ಫೈಲುಗಳಿಗೆ ದಾರ ಪೋಣಿಸುತ್ತ ಕೂತ.

ಹನ್ನೊಂದೂವರೆಗೆ ಮೈಕು ಕರೆಯಿತು: "ಬಾಲಕಿಯರ ಉದ್ದ ಜಿಗಿತ, ಎರಡನೇ ಕರೆ." ಆಮೇಲೆ ಹೆಸರುಗಳು. ಸಂತೆಮರಹಳ್ಳಿಯವಳು, ಯಳಂದೂರಿನವಳು, ಕೊಳ್ಳೇಗಾಲದವಳು. "ಚೆಸ್ಟ್ ನಂಬರ್ ನಲವತ್ತೊಂದು, ಕುಮಾರಿ ಕುಮಾರಿ, ಬೇಗೂರು." ಎರಡೆರಡು ಸಲ ಹೇಳಿದ್ದಕ್ಕೆ ಯಾರೋ ನಕ್ಕದ್ದೂ ಮೈಕಿನಲ್ಲಿ ಕೇಳಿಸಿತು.

ಮಾದೇಶ ಎದ್ದ. ನೀರು ತರುವವನಂತೆ ಬಿಂದಿಗೆ ಎತ್ತಿಕೊಂಡು ಹೊರಗೆ ಬಂದ. ಗೇಟು ದಾಟಿದ. ಬಿಂದಿಗೆ ಹಿಡಿದೇ ಮೊದಲ ಬೀದಿ ಮುಗಿಸಿದ. ಎರಡನೇ ಬೀದಿಯ ತಿರುವಿಗೆ ಬಂದಾಗ ಮೈದಾನದ ಗೋಡೆ ಕಂಡಿತು, ಗೋಡೆಯ ಮೇಲೆ ಬಣ್ಣದ ಕಾಗದದ ತೋರಣ ಕಂಡಿತು, ಜನರ ಗದ್ದಲ ಕೇಳಿಸಿತು. ಅವನ ಗಂಟಲಲ್ಲಿ ಮಾತು ತುಂಬಿಕೊಂಡಿತ್ತು. ಕಾಲ್ ನೋಡ್ಕಮ್ಮಿ. ಇಲ್ಲಿಂದ ಕೂಗಿದರೂ ಸಾಕು, ಗೋಡೆ ದಾಟಿ ಹೋಗುತ್ತದೆ. ಅವಳು ಈಗ ಗುರುತಿನ ಹತ್ತಿರ ನಿಂತಿರುತ್ತಾಳೆ. ಕಣ್ಣು ಮುಚ್ಚಿರುತ್ತಾಳೆ.

ರಸ್ತೆಬದಿಯ ಸೈಕಲ್ ಅಂಗಡಿಯ ಮುಂದೆ ಅವನು ಬಿಂದಿಗೆ ಕೆಳಗಿಟ್ಟ. ದಿನಾ ಬೆಳಿಗ್ಗೆ ಹಿತ್ತಲಿಗೆ ಕೇಳುತ್ತಿದ್ದ ಹಾಗೆ ನಾಲ್ಕು ಎಣಿಸಿ ಉಸಿರು ಎಳೆದುಕೊಂಡ. ಬಿಡುವಾಗ ಮೂರಕ್ಕೇ ಮುಗಿದುಹೋಯಿತು. ಮತ್ತೆ ಎಳೆದುಕೊಂಡ. ನಾಲ್ಕಕ್ಕೆ ಮುಗಿಯಿತು. ಎದೆ ಒಳಗೆ ಮೋಟರಿನಂತೆ ಹೊಡೆದುಕೊಳ್ಳುತ್ತಿತ್ತು. ಇದನ್ನು ಹೊತ್ತುಕೊಂಡು ಹದಿನಾಲ್ಕು ವರ್ಷದ ಹುಡುಗಿ ಅಷ್ಟು ದೂರ ಓಡಿ, ಸರಿಯಾಗಿ ಒಂದು ಹಲಗೆಯ ಮೇಲೆ ಕಾಲಿಡಬೇಕಲ್ಲ ಎಂದು ಅವನಿಗೆ ಆಗ ಹೊಳೆಯಿತು. ಪಂಕ್ಚರ್ ಹಾಕುತ್ತಿದ್ದವನು ತಲೆಯೆತ್ತಿ, "ಏನಣ್ಣ, ಎದೆ ನೋವಾ? ಕೂತ್ಕಳಿ," ಅಂದ.

"ಏನಿಲ್ಲಪ್ಪ."

ಐದನೇ ಸಲವೋ ಆರನೇ ಸಲವೋ ಉಸಿರು ಆರರ ತನಕ ಹೋಯಿತು. ಅಷ್ಟು ಹೊತ್ತಿಗೆ ಗೋಡೆಯ ಆಚೆ ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಯಾರಿಗೋ, ಯಾವುದಕ್ಕೋ. ಮಾದೇಶ ಬಿಂದಿಗೆ ಎತ್ತಿಕೊಂಡು ಹಿಂದಕ್ಕೆ ತಿರುಗಿದ. ಕಚೇರಿಯ ಹತ್ತಿರದ ಬೋರ್‌ವೆಲ್ಲಿನಲ್ಲಿ ನೀರು ಹೊಡೆದು, ತುಂಬಿಸಿಕೊಂಡು ಒಳಗೆ ಬಂದ. ಫಲಿತಾಂಶವಾದರೂ ಮೈಕಿನಲ್ಲಿ ಕೇಳಿಸುತ್ತದೆ ಅಂದುಕೊಂಡ. ಹನ್ನೆರಡೂ ಕಾಲಿಗೆ ಕರೆಂಟ್ ಹೋಯಿತು. ಬಂದದ್ದು ನಾಲ್ಕು ಗಂಟೆಗೆ. ಅಷ್ಟರಲ್ಲಿ ಮೈಕಿನವರು ವಂದನಾರ್ಪಣೆಗೆ ಬಂದಿದ್ದರು.

ಅವನು ಮನೆ ತಲುಪಿದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಯಾರ ಮುಖದಿಂದಲೂ ಏನೂ ತಿಳಿಯುವಂತಿರಲಿಲ್ಲ. ಕಾಲು ತೊಳೆದು, ಅಂಗಿ ಮೊಳೆಗೆ ಸಿಗಿಸಿ, ತನ್ನ ಜಾಗದಲ್ಲಿ ಕೂತ. ನೀಲಾವತಿ ಹಿಟ್ಟು ಇಟ್ಟಳು. ಕೇಳಬಾರದು ಅಂದುಕೊಂಡೇ ಬಂದಿದ್ದ. ಎರಡು ತುತ್ತು ನುಂಗಿದ.

"ಎರಡ್ನೇದು ಬಂದಿ ಕಣಪ್ಪ," ಅಂದಳು ಕುಮಾರಿ.

ಮಾದೇಶನ ಕೈ ತಟ್ಟೆಯಲ್ಲೇ ನಿಂತಿತು.

"ಫಸ್ಟು ಸಂತೆಮರಹಳ್ಳಿ ಹುಡ್ಗಿ. ಅವ್ಳು ಬಾಳ ಉದ್ದ ಅವ್ಳೆ. ನಂದು ಮೊದುಲ್ನೇದು ನಾಕು ಹನ್ನೆರಡು. ಎರಡ್ನೇದು ಫೌಲಾಗೋಯ್ತು." ಅವಳು ಸ್ವಲ್ಪ ನಕ್ಕಳು. "ನೀ ಇಲ್ದೇ ಇದ್ರೂವೆ ಫೌಲಾಯ್ತು. ಮೂರ್ನೇದಕ್ಕ ಮೇಷ್ಟ್ರು ಏನೂ ಯೋಳ್ನಿಲ್ಲ. ನಾನೇ ನಿಂತ್ಕಂಡು ಮೂರು ಸಲ ಉಸ್ರು ಬುಟ್ಟಿ. ಆಮ್ಯಾಕ ಬೋರ್ಡು ಹತ್ರ ಬಂದಂಗ ಕಾಣ್ತು. ನಾಕು ಮೂವತ್ತಾರು."

"ಎರಡ್ನೇದಕ್ಕ ಕಾಲು..." ಮಾದೇಶ ಶುರು ಮಾಡಿದ. ಎಲ್ಲರೂ ಅವನ ಕಡೆ ನೋಡಿದರು. ಅವನು ಬಾಯಿಗೆ ಒಂದು ತುತ್ತು ಹಾಕಿಕೊಂಡ.

"ಮೂವತ್ತಾರ್ರಲ್ಲಿ ನಾನೂ ಒಂದ್ ಪಾಲು ಕೊಟ್ಟಿವ್ನಿ," ಅಂದ ಮೂಗಯ್ಯ. "ನಂಗ ಎಣಿಸ್ಕೊಡ್ತಾ ಎಣಿಸ್ಕೊಡ್ತಾ ಕಲ್ತವ್ಳು ಅವ್ಳು."

ನೀಲಾವತಿ ಸಾರಿನ ಸೌಟು ಹಿಡಿದು ಮಗಳ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. "ಬೋರ್ಡು ಬೋರ್ಡು ಅಂತೀಯಲ್ಲ, ಅದು ಎತ್ರಕ್ಕ ನಿಲ್ಸಿರ್ತಾರ? ಅದ್ರ ಮ್ಯಾಲ ಹಾರ್ಬೇಕಾ?"

"ಅಯ್ಯೋ ಅವ್ವ, ನಿಲ್ಸಿರಲ್ಲ. ನೆಲ್ದಲ್ಲಿ ಹೂತಿರ್ತಾರ. ಇಷ್ಟಗಲ." ಕುಮಾರಿ ಗೇಣು ಬಿಡಿಸಿ ತೋರಿಸಿದಳು. "ಅದ್ರ ಮ್ಯಾಲ ಕಾಲಿಟ್ಟು ಹಾರದು."

"ನೆಲ್ದಲ್ಲಾ?" ನೀಲಾವತಿಗೆ ನಗು ಬಂತು. "ನಾ ಇಷ್ಟ್ ದಿಸ ಬಾಗ್ಲಿನ್ ತರ ನಿಂತಿರುತ್ತ ಅಂದ್ಕಂಡಿದ್ದಿ."

ಎಲ್ಲರೂ ನಕ್ಕರು. ಮಾದೇಶ ನಗಲಿಲ್ಲ. ಅವನು ಹೆಂಡತಿಯನ್ನು ನೋಡುತ್ತಿದ್ದ. ನಾಲ್ಕು ವರ್ಷ ಬೆಳಗಾದರೆ ಬುತ್ತಿ ಕಟ್ಟಿದವಳು, ಸಂಜೆಯಾದರೆ ಮ‌ರಳಿನ ಬಟ್ಟೆ ಒಗೆದವಳು. ಒಂದು ದಿನವೂ ಅವಳು ಮೈದಾನದ ಹತ್ತಿರ ಹೋಗಿಲ್ಲ ಎಂಬುದು ಅವನ ಲೆಕ್ಕಕ್ಕೇ ಬಂದಿರಲಿಲ್ಲ.

ಊಟವಾದ ಮೇಲೆ ಕುಮಾರಿ ಶಾಲೆಯ ಚೀಲದಿಂದ ಒಂದು ಕಾಗದ ತಂದಳು. ಮೊದಲ ಇಬ್ಬರು ಡಿಸೆಂಬರ್‌ನಲ್ಲಿ ಮೈಸೂರಿಗೆ, ವಿಭಾಗ ಮಟ್ಟಕ್ಕೆ ಹೋಗಬೇಕು. ಎರಡು ದಿನ. ಪೋಷಕರ ಒಪ್ಪಿಗೆ ಬೇಕು.

"ಹೆಣ್ಮಕ್ಳ ಜೊತ್ಗ ಮನೆಯೋರು ಒಬ್ರು ಬರ್ಬೋದಂತ," ಅಂದಳು. ಆಮೇಲೆ ನೆಲ ನೋಡುತ್ತ, "ನೀ ಬೇಕಾದ್ರ ಬಾಪ್ಪ," ಅಂದಳು.

ಆ ಮಾತು ಅವಳಿಗೆ ಎಷ್ಟು ಕಷ್ಟವಾಯಿತು ಎಂಬುದು ಅವನಿಗೆ ಕಂಡಿತು. ಪೆನ್ನು ತೆಗೆದು, ಕಾಗದವನ್ನು ಮಣೆಯ ಮೇಲಿಟ್ಟುಕೊಂಡು, ಮಗಳ ಹೆಸರು, ತನ್ನ ಹೆಸರು, ಊರು ತುಂಬಿದ. ಜೊತೆಗೆ ಬರುವವರು ಅನ್ನುವ ಕಡೆ ಬಂದಾಗ ಒಂದು ಗಳಿಗೆ ನಿಂತ. ಆಮೇಲೆ ಕಚೇರಿಯ ದುಂಡು ಅಕ್ಷರದಲ್ಲಿ ಬರೆದ: ನೀಲಾವತಿ, ತಾಯಿ.

ಕುಮಾರಿ ಬಗ್ಗಿ ಓದಿದಳು. "ಅವ್ವ, ನೀನು!"

"ನಾನಾ?" ನೀಲಾವತಿ ತಟ್ಟೆಗಳನ್ನು ಎತ್ತಿಕೊಂಡು ಹೋಗುತ್ತಿದ್ದವಳು ನಿಂತಳು. "ನಾ ಓಗಿ ಅಲ್ಲೇನ್ ಮಾಡ್ಲಿ? ನಂಗ ಅದ್ರ ತಲ ಬುಡ ಗೊತ್ತಿಲ್ಲ."

"ಏನೂ ಮಾಡ್ಬ್ಯಾಡ," ಅಂದ ಮಾದೇಶ. "ಕೂತ್ಕಂಡು ನೋಡು."

"ಎರಡು ದಿಸ ಇಲ್ಲಿ ಹಿಟ್ಟು ಯಾರು ತೊಳಸ್ತಾರ?" ಸುಂದ್ರಮ್ಮ ಒಳಗಿನಿಂದ ಕೇಳಿದಳು.

ಮಾದೇಶ ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದ. "ನೀರೆಷ್ಟು ಇಡ್ಬೇಕು, ಹಿಟ್ಟೆಷ್ಟು ಹಾಕ್ಬೇಕು ಅಂತ ಯೋಳ್ಕೊಡವ್ವ. ನಾ ತೊಳಸ್ತೀನಿ."

ನೀಲಾವತಿ ತಟ್ಟೆಗಳನ್ನು ಕೆಳಗಿಟ್ಟಳು. ಸೆರಗಿಗೆ ಎರಡು ಕೈಯನ್ನೂ ಚೆನ್ನಾಗಿ ಒರೆಸಿಕೊಂಡು ಕಾಗದವನ್ನು ಅಂಚಿನಲ್ಲಿ ಹಿಡಿದು ಎತ್ತಿ, ದೀಪದ ಹತ್ತಿರ ಒಯ್ದು ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡಳು. ಓದಿ ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು.

"ಕುಮಾರಿ," ಅಂದಳು ಆಮೇಲೆ, "ಅಲ್ಲಿಗ ಯಾವ್ ಸೀರ ಉಟ್ಕಂಡ್ ಬರನ ಕಣಮ್ಮಿ?"